ಮಲಗಬಾರದ ಮೂಲೆ

ಅವಳ ಎಡಗಿವಿಗೆ ಯಾವಾಗಲೂ ಮಣ್ಣು ಮೆತ್ತಿರುತ್ತಿತ್ತು. ಬೆಳಿಗ್ಗೆ ತಲೆ ಬಾಚಿ, ಹಣೆಗೆ ಸಣ್ಣ ಬೊಟ್ಟಿಟ್ಟು, ಒಗೆದ ಚೂಡಿದಾರ ಹಾಕಿಕೊಂಡು ಮಹಡಿಯಿಂದ ಇಳಿದು ಬರುತ್ತಿದ್ದಳು. ಸಂಜೆ ಹಿಂತಿರುಗುವಾಗ ನೋಡಿದರೆ ಆ ಒಂದು ಕಿವಿ, ಅರ್ಧ ಕೆನ್ನೆ ಧೂಳಾಗಿರುತ್ತಿತ್ತು. ಮುಖ ತೊಳಕೊಂಡು ಬಾ ಅಂದರೆ ತೊಳೆದು ಬರುವಳು, ಕಿವಿಯನ್ನು ಮರೆಯುವಳು. ನೆಲಕ್ಕೆ ಕಿವಿ ಇಟ್ಟು ಕೇಳುವುದು ಅವಳ ಅಭ್ಯಾಸ ಎಂದು ನನಗೆ ತಿಳಿಯಲು ಸ್ವಲ್ಪ ದಿನ ಹಿಡಿಯಿತು.

ಒಂದು ಬೇಸಿಗೆ ಮಟ್ಟಿಗೆ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು. ಹಿರೇನಲ್ಲೂರಿನ ಕಡೆಯ ಹುಡುಗಿ, ದೂರದಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಳು. ಮುಖ್ಯ ಓದು ಎಲೆಕ್ಟ್ರಾನಿಕ್ಸ್. ಅದರ ಜೊತೆಗೆ ಮೈನರ್ ಎಂದು ಇನ್ನೊಂದು ಸಣ್ಣ ಓದನ್ನು ಇಷ್ಟಪಟ್ಟು ಆರಿಸಿಕೊಳ್ಳಬಹುದಂತೆ. ಇವಳು ಆರಿಸಿಕೊಂಡದ್ದು ಸುಸ್ಥಿರ ನಗರಾಭಿವೃದ್ಧಿ. ಒಂದು ಸಣ್ಣ ಊರು ಹೇಗೆ ಬೆಳೆಯುತ್ತಿದೆ, ಅಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿರುಗಾಡಿ ನೋಡಿ ಬರೆಯಬೇಕು. ನಮ್ಮ ಅಜ್ಜಂಪುರ ತಾಲ್ಲೂಕಾದ ಮೇಲೆ ಆಫೀಸುಗಳು ಬಂದು, ಊರಂಚಿನ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ಅದಕ್ಕೇ ನಮ್ಮೂರನ್ನು ಹಿಡಿದಿದ್ದಳು.

ನಮ್ಮ ಯಜಮಾನರಿಗೆ ಗೊಬ್ಬರದ ಅಂಗಡಿ. ಸಿಕ್ಕವರನ್ನೆಲ್ಲ ರೇಗಿಸದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ.

"ಮೇಜರ್ರು, ಮೈನರ್ರು ಅಂತೀಯ. ಓದೋಕ್ ಹೋಗಿದೀಯೋ, ಮಿಲಿಟ್ರಿ ಸೇರಿದೀಯೋ?" ಎಂದರು ಮೊದಲ ದಿನವೇ.

"ಮಿಲಿಟ್ರಿಲಿ ಊಟ ಚೆನ್ನಾಗಿರುತ್ತೆ ಅಂಕಲ್. ನಮ್ಮ ಹಾಸ್ಟೆಲ್ಲಲ್ಲಿ ಅದೂ ಇಲ್ಲ," ಎಂದಳು. ಅವತ್ತಿನಿಂದ ರಾತ್ರಿ ಊಟ ನಮ್ಮಲ್ಲೇ ಆಯಿತು.

ಸುಸ್ಥಿರ ಎಂದರೇನೇ ಎಂದು ನಾನು ಕೇಳಿದ್ದೆ. "ಇವತ್ತಿನ ಅನುಕೂಲಕ್ಕೆ ಅಂತ ನಾಳೆದನ್ನೂ ತಿಂದು ಮುಗಿಸದೇ ಇರೋದು ಆಂಟಿ," ಎಂದಳು. ಹೆಪ್ಪಿಗೆ ಅಂತ ಒಂದು ಚಮಚ ಮೊಸರು ಎತ್ತಿಟ್ಟ ಹಾಗೆ ಅನ್ನು ಎಂದೆ. ಅವಳು ನಕ್ಕು, ತಟ್ಟೆಯಲ್ಲಿದ್ದ ಮೊಸರನ್ನು ಬೆರಳಿನಿಂದ ಸವರಿ ತಿಂದಳು. ತಿನ್ನುವಾಗ ಮಾತ್ರ ಮಗುವಿನ ಹಾಗಿದ್ದಳು. ಉಳಿದ ಹೊತ್ತು ಯಾವುದೋ ಸದ್ದಿಗೆ ಕಾಯುತ್ತಿರುವವಳ ಹಾಗೆ.

ಬಿಸಿಲು ಕಾಯ್ದು ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲೇ ಅವಳು ಹೊರಡುತ್ತಿದ್ದುದು. ಸದ್ದಿಲ್ಲದಾಗ ನೆಲ ಚೆನ್ನಾಗಿ ಕೇಳಿಸುತ್ತದೆ ಎನ್ನುತ್ತಿದ್ದಳು. ಗುರುತಿಲ್ಲದ ಹುಡುಗಿ ಎಂದು ಯಾರೂ ಬಾಗಿಲು ತೆಗೆಯದಿದ್ದಾಗ ನನ್ನನ್ನು ಜೊತೆಗೆ ಕರೆದಳು. ತಲೆ ಮೇಲೆ ಸೆರಗು ಹಾಕಿಕೊಂಡು ಹೋದೆ. ಮನೆ ಮನೆಯಲ್ಲೂ ಅವಳದು ಒಂದೇ ಪ್ರಶ್ನೆ: ಮಳೆ ಹಿಡಿದರೆ ನಿಮ್ಮ ಮನೆಯಲ್ಲಿ ಮೊದಲು ತೇವ ಆಗುವುದು ಎಲ್ಲಿ?

ನಮ್ಮದೇ ಬೀದಿಯ ಮೇಲ್ತುದಿಯಲ್ಲಿ ಬಟ್ಟೆ ಹೊಲಿಯುವವರ ಮನೆ. ಅಲ್ಲಿನ ಅಜ್ಜಿ ಅವಳನ್ನು ಮೇಲೆ ಕೆಳಗೆ ನೋಡಿ, "ತೇವಕ್ಕೂ ಕಂದಾಯ ಹಾಕ್ತಾರೇನವ್ವ ನಿಮ್ಮ ಆಫೀಸ್ನೋರು?" ಎಂದರು. ಆಮೇಲೆ ಒಳಗೆ ಕೈ ತೋರಿಸಿದರು. "ಅಗೋ, ಆ ಮೂಲೆ. ಅಲ್ಲಿ ನಾವ್ಯಾರೂ ಮಲಗಲ್ಲ."

"ಯಾಕಜ್ಜಿ?"

"ಮಲಗಬಾರ್ದು. ನಾನು ಸೊಸೆಯಾಗಿ ಬಂದ ದಿನ ನಮ್ಮತ್ತೆ ಹೇಳಿದ್ರು. ಯಾಕೆ ಅಂತ ಕೇಳೋ ಕಾಲನಾ ಅದು?"

ಪಕ್ಕದ ಮನೆಯಲ್ಲೂ ಅದೇ ಮಾತು. ಅದರಾಚೆಯ ಮನೆಯಲ್ಲಿ ಆ ಮೂಲೆಗೆ ಬರೀ ಒನಕೆ ಒರಗಿಸಿದ್ದರು. ನಾನು ಮದುವೆಯಾಗಿ ಬಂದ ದಿನ ನಮ್ಮ ಅತ್ತೆಯವರೂ ದೇವರ ಕೋಣೆಯ ಗೋಡೆಗೆ ಹೊಂದಿದ ಮೂಲೆಯನ್ನು ತೋರಿಸಿ, ಅಲ್ಲಿ ಹಾಸಿಗೆ ಹಾಸಬೇಡಮ್ಮ ಎಂದಿದ್ದರು. ದೇವರಿಗೆ ಕಾಲು ಚಾಚಿದಂತಾಗುತ್ತದೆ ಎಂದೇನೋ ನಾನೇ ಅಂದುಕೊಂಡಿದ್ದೆ. ಒಂದೇ ಬೀದಿಯ ಸೊಸೆಯರೆಲ್ಲ ಇದೇ ಮಾತು ಕೇಳಿಕೊಂಡೇ ಹೊಸಿಲು ದಾಟಿದ್ದೇವೆ. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡಿರಲಿಲ್ಲ.

ಅವಳು ಬೀದಿಯ ತುದಿಯಲ್ಲಿ ನಿಂತು ಕೈ ನೆಟ್ಟಗೆ ಚಾಚಿ ತೋರಿಸಿದಳು. ಆ ಮೂಲೆಗಳೆಲ್ಲ ಒಂದೇ ಗೆರೆಯಲ್ಲಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಹರಿಯುತ್ತಿದ್ದ ಹಳ್ಳವಂತೆ ಅದು. ಯಾವ ಕಾಲದಲ್ಲೋ ಚಪ್ಪಡಿ ಹಾಕಿ, ಮಣ್ಣು ತುಂಬಿ, ಅದರ ಮೇಲೆ ಮನೆ ಕಟ್ಟಿಕೊಂಡಿದ್ದಾರೆ.

"ಹಳ್ಳ ಮುಚ್ಚಿದಾರೆ ಆಂಟಿ. ಹಳ್ಳ ಹೋಗಿಲ್ಲ."

"ಈಗ ಕೆರೇಲಿ ಹನಿ ನೀರಿಲ್ವಲ್ಲೇ. ಕಿವಿ ಇಟ್ಟು ನಿಂಗೇನು ಕೇಳ್ಸುತ್ತೆ?"

ಅವಳ ಮುಖ ಸಣ್ಣಗಾಯಿತು. "ಅದೇ ನಂಗೂ ಗೊತ್ತಾಗ್ತಿಲ್ಲ. ನೀರಲ್ಲ. ಯಾರೋ ನಡೀತಿರೋ ಹಂಗೆ," ಎಂದಳು.

ಆ ದಿನಗಳಲ್ಲೇ ನನ್ನ ಮಗಳು ಚೊಚ್ಚಲ ಬಸಿರಿನಲ್ಲಿ ತವರಿಗೆ ಬಂದಿದ್ದಳು. ಅತ್ತೆಯವರು ತೀರಿಕೊಂಡ ಮೇಲೆ ನಾವು ನೆಲಕ್ಕೆಲ್ಲ ಟೈಲ್ಸ್ ಹಾಕಿಸಿದ್ದೆವು. ಆ ಮೂಲೆ ತಂಪಾಗಿರುತ್ತದೆಂದು ಅವಳ ಮಂಚವನ್ನು ಅಲ್ಲೇ ಹಾಕಿಕೊಟ್ಟಿದ್ದರು ಯಜಮಾನರು. ಅವಳಿಗೆ ಅಲ್ಲಿ ಕಣ್ತುಂಬ ನಿದ್ದೆ. ಒಮ್ಮೆ ಮಾತ್ರ ಮಧ್ಯಾಹ್ನದ ನಿದ್ದೆಯಿಂದ ಎದ್ದು ಕೂತು, "ಅಮ್ಮ, ಮಂಚದ ಕೆಳಗೆ ಯಾರೋ ಒದ್ದೆ ಸೀರೆ ಎಳ್ಕೊಂಡು ಹೋದಂಗಾಯ್ತು," ಎಂದಳು. ಬಸುರಿಯರಿಗೆ ಕನಸು ಹೆಚ್ಚು ಎಂದು ವಿಭೂತಿ ಇಟ್ಟೆ.

ಅದನ್ನು ಕೇಳಿದ ಹುಡುಗಿ ಪರೀಕ್ಷೆಗೆಂದು ಹಿಂತಿರುಗುವ ದಿನ ದೇವರ ದೀಪದ ಮುಂದೆ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. "ಆಂಟಿ, ಅಕ್ಕನ ಮಂಚ ಅಲ್ಲಿಂದ ತೆಗೀರಿ. ಮಗು ಆದ್ಮೇಲೂ ಅಲ್ಲಿ ಮಲಗಿಸಲ್ಲ ಅಂತ ಮಾತು ಕೊಡಿ."

ಮಗಳಿಗೆ ಸಿಟ್ಟು. "ಇವಳ ಪ್ರಾಜೆಕ್ಟಿಗೆ ನನ್ನ ಮಂಚನೇ ಬೇಕಿತ್ತಾ?" ಯಜಮಾನರು, "ಟೈಲ್ಸ್ ಹಾಕ್ಸಿದೀನಿ ಕಣಮ್ಮ, ಬಂಡೆ ಇದ್ದಂಗಿದೆ," ಎಂದು ಕಾಲಿನಿಂದ ನೆಲ ತಟ್ಟಿ ತೋರಿಸಿದರು. ದೀಪದ ಮುಂದೆ ಕೇಳಿದ ಮಾತನ್ನು ಇಲ್ಲ ಎನ್ನಲು ನನಗೆ ನಾಲಗೆ ಬರಲಿಲ್ಲ. ಅವತ್ತೇ ಮಂಚ ಕಿಟಕಿಯ ಬದಿಗೆ ಹೋಯಿತು.

ಆಷಾಢದಲ್ಲಿ ಆ ಹುಡುಗಿ ಹೋಗಿಬಿಟ್ಟಳು. ಹಾಸ್ಟೆಲಿನಲ್ಲಿ ಜ್ವರ ಬಂದು ಮೆದುಳಿಗೇರಿತಂತೆ. ನಮಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಹಡಿಯಲ್ಲಿ ಬಿಟ್ಟಿದ್ದ ಹಾಸಿಗೆ, ಬಟ್ಟೆ ತೆಗೆದುಕೊಂಡು ಹೋಗಲು ಅವಳ ತಾಯಿ ಬಂದರು. ತೆಳ್ಳಗಿನ ಹೆಂಗಸು, ಅಳು ಎಲ್ಲ ಮುಗಿದ ಕಣ್ಣು. ಕಾಫಿ ಕೊಟ್ಟು, ನಿಮ್ಮ ಮಗಳು ನಮ್ಮನೆ ಮೂಲೆಯನ್ನು ಖಾಲಿ ಮಾಡಿಸಿ ಹೋದಳು ಎಂದೆ. ಅವರು ಆ ಮೂಲೆಯನ್ನು ಬಹಳ ಹೊತ್ತು ನೋಡಿದರು.

"ನಮ್ಮನೇಲೂ ಇಂಥದೊಂದಿತ್ತು ಕಣಮ್ಮ. ಹಳೇ ಹಗೇವು, ಕಾಳು ತುಂಬೋ ಗುಂಡಿ. ಯಾರೋ ಮುಚ್ಚಿ ಮರೆತಿದ್ರು. ಇವಳ ತಮ್ಮನ್ನ ಅದ್ರ ಮೇಲೇ ಮಲಗಿಸ್ತಿದ್ದೆ. ಒಂದಿನ ನೆಲ ಕುಸೀತು," ಎಂದರು. ಅಷ್ಟೇ. ಕಾಫಿ ಆರಿಹೋಯಿತು. ಆ ಸಣ್ಣ ಓದು ಅವಳಿಗೆ ಯಾಕೆ ಬೇಕಾಗಿತ್ತು ಎಂದು ನನಗೆ ಅವತ್ತು ತಿಳಿಯಿತು.

ಮಗಳಿಗೆ ಹೆಣ್ಣು ಮಗುವಾಯಿತು. ಹೆರಿಗೆ ಸುಸೂತ್ರವಾದದ್ದು ಒಂದು, ಮಗುವಿಗೆ ಎದೆಹಾಲು ಸಾಕಾದದ್ದು ಇನ್ನೊಂದು. ಶಿವ ನನಗೆ ದೊಡ್ಡದೇನೂ ಕೊಡದಿದ್ದರೂ ಇಂಥ ಸಣ್ಣ ಉಪಕಾರಗಳನ್ನು ನಿಲ್ಲಿಸಿಲ್ಲ. ಹಿಂಗಾರು ಮಾತ್ರ ಆ ವರ್ಷ ಬಿಡದೆ ಹಿಡಿಯಿತು. ಕೆರೆ ತುಂಬಿತು. ಕಿಟಕಿಯಿಂದ ಎರಚಲು ಹೊಡೆದು ಬಾಣಂತಿಗೆ ಶೀತ ಆಗುತ್ತದೆಂದು, ನಾನು ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಯಜಮಾನರು ಮಂಚವನ್ನು ಮತ್ತೆ ಮೂಲೆಗೆ ತಳ್ಳಿದ್ದರು.

ನಾನು ಬಂದು ದೀಪ ಹಚ್ಚುವ ಹೊತ್ತು. ಮನೆಯೆಲ್ಲ ಹಸಿ ಮಣ್ಣಿನ ವಾಸನೆ. ಯಾವಾಗಲೂ ಆ ಹೊತ್ತಿಗೆ ಕಿರುಚುವ ಮಗು ಸುಮ್ಮನಿತ್ತು. ಮಂಚದ ಅಂಚಿನಿಂದಾಚೆ, ನೆಲದ ಕಡೆಗೆ ಕಣ್ಣು ನೆಟ್ಟು, ಗುರುತಿನವರನ್ನು ಕಂಡಂತೆ ಕೈ ಆಡಿಸುತ್ತಿತ್ತು. ನಾನು ಮಂಡಿಯೂರಿ ಟೈಲ್ಸಿಗೆ ಕಿವಿ ಇಟ್ಟೆ. ಒಳಗೆ ನೀರು ಗಂಟಲಿನಲ್ಲಿ ಸಿಕ್ಕಿಕೊಂಡ ಹಾಗೆ ಗೊರಗೊರ ಎನ್ನುತ್ತಿತ್ತು. ಅದರ ನಡುವೆ ಒದ್ದೆ ಚಪ್ಪಲಿಯ ಸದ್ದು, ಚಪ್, ಚಪ್, ಎಂದು ಕೆರೆಯ ಕಡೆಯಿಂದ ಬಂದು ನನ್ನ ಕಿವಿಯ ಕೆಳಗೆ ನಿಂತಿತು.

ವಾದ ಮಾಡುತ್ತ ಕೂರುವ ಹೊತ್ತಲ್ಲ ಎನ್ನಿಸಿತು. ಮಗುವನ್ನು ಎತ್ತಿಕೊಂಡು ಜಗಲಿಗೆ ನಡೆದೆ. ಮಗುವನ್ನು ಒಯ್ದರೆ ತಾಯಿ ಹಿಂದೆ ಬಂದೇ ಬರುತ್ತಾಳೆ.

"ಅಮ್ಮ, ಹಸುಗೂಸು ಕಣೆ, ಗಾಳಿಗೆ ಯಾಕೆ ಒಯ್ತೀಯ, ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಬೈಯುತ್ತ ಅವಳು ಎದ್ದು ಬಂದಳು. ಹೊಸಿಲು ದಾಟಿದ್ದಳಷ್ಟೆ. ಒಳಗೆ ಮರ ಮುರಿದಂಥ ಸದ್ದಾಯಿತು. ತಿರುಗಿ ನೋಡಿದರೆ ಮಂಚದ ತಲೆಭಾಗ ನೆಲದೊಳಗೆ ಇಳಿದಿತ್ತು. ಟೈಲ್ಸುಗಳು ಒಂದೊಂದೇ ಅಂಚಿನಿಂದ ಜಾರಿ ಬೀಳುತ್ತಿದ್ದವು. ಯಜಮಾನರು ಅಂಗಡಿಯಿಂದ ಓಡಿ ಬಂದು ಟಾರ್ಚ್ ಬಿಟ್ಟರು. ಕೆಳಗೆ ಕಪ್ಪು ನೀರು, ನಮ್ಮನ್ನು ಕಣ್ಣೆತ್ತಿಯೂ ನೋಡದೆ, ಆ ಹುಡುಗಿ ಕೈ ಚಾಚಿ ತೋರಿಸಿದ್ದ ದಿಕ್ಕಿಗೇ ಹೋಗುತ್ತಿತ್ತು. ಮಗುವಿನ ದಿಂಬು ಅದರ ಮೇಲೆ ತೇಲಿ ಪಕ್ಕದ ಮನೆಯ ಕೆಳಗೆ ಮರೆಯಾಯಿತು. ಯಜಮಾನರು ಆ ದಿನ ಯಾರನ್ನೂ ರೇಗಿಸಲಿಲ್ಲ.

ನೆಲ ರಿಪೇರಿಯಾಗುತ್ತಿದ್ದಾಗ ಆ ಹುಡುಗಿಗೆ ಮೈನರ್ ಪಾಠ ಹೇಳಿದ ಮೇಡಂ ಫೋನ್ ಮಾಡಿದರು. ಹುಡುಗಿಯ ಕೆಲಸ ಅರ್ಧಕ್ಕೆ ನಿಂತಿದೆ, ಪೂರ್ತಿಯಾದರೆ ಊರಿನ ಆಫೀಸಿಗೂ ಕೊಡಬಹುದು, ಹಳ್ಳ ಎಲ್ಲೆಲ್ಲಿ ಹೋಗಿದೆ ಎಂದು ನಾಲ್ಕು ಜನಕ್ಕೆ ತಿಳಿಯುತ್ತದೆ ಎಂದರು. ಸ್ಟೇಷನ್ ಕಡೆಯ ಮನೆಗಳನ್ನು ಅವಳು ಇನ್ನೂ ಕೇಳಿರಲಿಲ್ಲ. ನಾನು ಹತ್ತನೇ ತರಗತಿಗೆ ಓದು ನಿಲ್ಲಿಸಿದವಳು. ಆದರೂ ಅಡುಗೆ ಮುಗಿಸಿ, ಸೆರಗು ಹೊದ್ದು, ಮಧ್ಯಾಹ್ನಗಳಲ್ಲಿ ಹೊರಟೆ. ಅವಳ ಪ್ರಶ್ನೆಯನ್ನೇ ಕೇಳಿದೆ: ಮೊದಲು ತೇವ ಆಗುವುದು ಎಲ್ಲಿ?

ಕೊನೆಯ ಸಾಲಿನ ಮನೆಯೊಂದರಲ್ಲಿ ಎಳೆಯ ಸೊಸೆ, ಮೊರದಲ್ಲಿ ರಾಗಿ ಕೇರುತ್ತಿದ್ದವಳು, ತಲೆ ಎತ್ತಿ ನೋಡಿದಳು.

"ಇನ್ನೆಷ್ಟು ಜನ ಬತ್ತೀರಕ್ಕ? ಸೋಮವಾರ ಒಬ್ಳು ಹುಡುಗಿ ಬಂದು ಇದ್ನೇ ಕೇಳ್ಕೊಂಡು ಹೋದ್ಲು. ಮಂಚ ತೆಗೀರಿ ಅಂದ್ಲು, ತೆಗ್ದಿದೀವಿ. ಕುಡಿಯೋಕೆ ನೀರು ಕೊಟ್ರೆ ಬ್ಯಾಡ ಅಂದ್ಬಿಟ್ಲು, ಆ ಬಿಸ್ಲಲ್ಲೂ."

ಹೇಗಿದ್ದಳು ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಮೇಡಂಗೆ ಫೋನ್ ಮಾಡಿ ಬೇರೆ ಯಾರನ್ನಾದರೂ ಕಳಿಸಿದ್ದಿರಾ ಎಂದೆ. ಇಲ್ಲ, ನೀವೇ ಇದ್ದೀರಲ್ಲ ಎಂದರು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಮನೆಯ ಮಂಚ ತೆಗೆದಿದ್ದರು. ಅದನ್ನೂ ಉಪಕಾರವೆಂದೇ ಎಣಿಸಿದೆ.

ಮನೆ ಒಂದು ಹದಕ್ಕೆ ಬಂದ ಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಹೆಸರು ಕರೆಯುವ ಮೊದಲು ಮಗಳು, "ಅಮ್ಮ, ಆ ಹುಡುಗಿ ಹೆಸ್ರೇ ಇಡೋಣ. ಇವ್ಳ ಜೀವ ಉಳಿಸಿದ್ದು ಅವ್ಳೇ," ಎಂದಳು. ಯಜಮಾನರೂ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಬಂದಿದ್ದ ಹೆಂಗಸರೆಲ್ಲ ಒಳ್ಳೆಯ ಮಾತು ಎಂದರು.

"ಬ್ಯಾಡ ಕಣೆ," ಎಂದೆ. "ಅದು ಅವಳ ಹತ್ರನೇ ಇರ್ಲಿ. ಇನ್ನೂ ಓಡಾಡ್ತಿರೋಳು. ಯಾರಾದ್ರೂ ಬಾಗ್ಲಲ್ಲಿ ನಿಲ್ಸಿ ಕೇಳಿದ್ರೆ ಹೇಳೋಕೆ ಅವಳಿಗೊಂದು ಹೆಸರು ಬೇಕಲ್ಲ."

ಮಗುವಿಗೆ ಮನೆದೇವರ ಹೆಸರಿಟ್ಟೆವು. ಇಷ್ಟು ಬರೆದೂ ಅವಳ ಹೆಸರನ್ನು ನಾನು ಇಲ್ಲಿ ಎಲ್ಲಿಯೂ ಬರೆಯದಿರುವುದು ಅದಕ್ಕೇ.