ಮಾದೇವಿ ಅಂಗಾತ ಮಲಗಿದ ಮಧ್ಯಾಹ್ನ

ಎದೆಗೆ ತಣ್ಣಗಿನ ಅಂಟು ಮೆತ್ತಿ, ಅದರ ಮೇಲೆ ಸೋಪಿನ ತುಂಡಿನಂಥದೊಂದು ಸಾಧನವನ್ನು ಒತ್ತಿ ಹಿಡಿದು, ಕುಮಟೆಯ ಆ ಎಳೆಯ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೋಡಿ ಅಜ್ಜಿ, ಅಲ್ಲಿ ಪಟಪಟ ಬಡೀತಾ ಇದೆಯಲ್ಲ, ಅದೇ ನಿಮ್ಮ ಹೃದಯದ ಬಾಗಿಲು. ಸ್ವಲ್ಪ ಸೋರ್ತದೆ. ಈ ವಯಸ್ಸಿಗೆ ಅದೇನು ದೊಡ್ಡದಲ್ಲ. ನಡೆಯುವಾಗ ಆಯಾಸ ಆದ್ರೆ ನಿಂತು ಸುಧಾರಿಸಿಕೊಳ್ಳಿ.”

ನೋಡಿದೆ. ಬೂದು ಬಣ್ಣದ ಮಂಜಿನೊಳಗೆ ತೆಳ್ಳನೆಯ ಎರಡು ಪದರುಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ, ನನ್ನನ್ನು ಒಂದು ಮಾತೂ ಕೇಳದೆ ತಮ್ಮ ಕೆಲಸ ಮಾಡಿಕೊಂಡಿದ್ದವು. ಇಷ್ಟು ವರ್ಷ ನಾನು ಊಟಕ್ಕೆ ಕೂತಾಗ, ಜಗಳಕ್ಕೆ ನಿಂತಾಗ, ಯಾರದೋ ಮದುವೆಯಲ್ಲಿ ಲಾಡು ಸಾಲದೆಂದು ಗೊಣಗುವಾಗ ಇವು ಬಡಿಯುತ್ತಲೇ ಇದ್ದವಲ್ಲ ಎಂದು ತುಸು ಮುಜುಗರವೂ ಆಯಿತು. ಆದರೆ ನನ್ನ ಮನಸ್ಸು ನಿಂತದ್ದು ಡಾಕ್ಟರು ಆಡಿದ ‘ಬಾಗಿಲು’ ಎಂಬ ಮಾತಿನಲ್ಲಿ. ಹೃದಯಕ್ಕೂ ಬಾಗಿಲಿದೆ ಎಂದು ನಾನು ಮೊದಲು ಕೇಳಿದ್ದು ಹೊನ್ನಾವರದಲ್ಲಿ, ನನ್ನ ಮದುವೆಯಾದ ಹೊಸದರಲ್ಲಿ. ಆ ಬಾಗಿಲು ನನ್ನದಲ್ಲ, ನನ್ನ ನಾದಿನಿ ಮಾದೇವಿಯದು.

ನಾನು ಕಾಗಾಲಕ್ಕೆ ಸೊಸೆಯಾಗಿ ಬಂದಾಗ ಮಾದೇವಿಗೆ ಮದುವೆಯ ಮಾತು ನಡೆದಿತ್ತು. ಸಣಕಲು ಹುಡುಗಿ. ಕೆನ್ನೆ ಮಾತ್ರ ಸದಾ ಕೆಂಪು. ನೆಂಟರ ಹೆಂಗಸರೆಲ್ಲ ಆ ಕೆನ್ನೆಯನ್ನು ಹೊಗಳುವವರೇ. ಬಾವಿಯಿಂದ ಕೊಡ ಹೊತ್ತು ಬರುವಾಗ ಮಾತ್ರ ಅವಳು ದಾರಿಯಲ್ಲಿ ನಿಲ್ಲುತ್ತಿದ್ದಳು. ನಿಂತದ್ದು ಯಾರಿಗಾದರೂ ಕಂಡೀತೆಂದು ಕೊಡ ಇಳಿಸಿ ಸೆರಗು ಸರಿಮಾಡಿಕೊಳ್ಳುವಳು, ಇಲ್ಲವೆ ಕಾಲಿಗೆ ಮುಳ್ಳು ಹೊಕ್ಕಿತೆನ್ನುವಳು. ನಮ್ಮ ಕೇರಿಯಲ್ಲಿ ಅವಳ ಕಾಲಿಗೆ ಹೊಕ್ಕಷ್ಟು ಮುಳ್ಳು ಇನ್ಯಾರ ಕಾಲಿಗೂ ಹೊಕ್ಕಿರಲಿಕ್ಕಿಲ್ಲ. ಸಸಿ ನೆಡುವ ನೆಟ್ಟಿಯ ಗದ್ದೆಯಲ್ಲಿ ಹೆಂಗಸರು ಹಾಡುವಾಗ ಅವಳ ದನಿ ಎಲ್ಲರಿಗಿಂತ ಚೆಂದ. ಆದರೆ ಸಾಲಿನ ನಡುವೆ ಕಡಿದುಹೋಗುತ್ತಿತ್ತು. ಉಳಿದವರು ಸಾಲು ಮುಗಿಸುವಾಗ ಅವಳು ಬಾಯಿ ತೆರೆದು ಸುಮ್ಮನೆ ನಿಂತಿರುತ್ತಿದ್ದಳು.

“ಮೈಗಳ್ಳಿ. ಗಂಡನ ಮನೆಗೆ ಹೋದ್ರೆ ಸಮಾ ಆತದೆ,” ಎನ್ನುತ್ತಿದ್ದರು ಅತ್ತೆ. ಗಟ್ಟಿ ಹೆಂಗಸು. ತಾನು ಹೆರಿಗೆಯ ಹಿಂದಿನ ದಿನವೂ ಗದ್ದೆಗೆ ಇಳಿದವಳೆಂದು ಹೇಳಿಕೊಳ್ಳುವವರು.

ಗಂಡನ ಮನೆ ಸಿಕ್ಕಿದ್ದು ಕಾಸರಕೋಡಿನಲ್ಲಿ. ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಜನರನ್ನು ಆಚೆ ಈಚೆ ದಾಟಿಸುವ ದೋಣಿಯವರಲ್ಲಿ ಒಬ್ಬ ಜಟ್ಟಪ್ಪ, ಅವಳ ಗಂಡ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ದೊಡ್ಡ ಆಳು. ಮಾತು ಕಡಿಮೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಒಂದು ದಿನ ಅವನು ಹೆಂಡತಿಯನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಅತ್ತೆಯ ಮುಖ ಬಿಳಚಿಕೊಂಡಿತು. ಮಗಳನ್ನು ಬಿಟ್ಟುಹೋಗಲು ಬಂದನೆಂದು ಎಲ್ಲರೂ ತಿಳಿದೆವು.

“ಬಿಡೂಕೆ ಬಂದದ್ದಲ್ಲ,” ಎಂದ ಜಟ್ಟಪ್ಪ, ನಾವು ಕೇಳುವ ಮೊದಲೇ. “ಇವಳಿಗೆ ಮಲಗೂಕೆ ಆಗೂದಿಲ್ಲ. ಮಲಗಿದ್ರೆ ಮುಳುಗ್ದಂಗೆ ಆತದಂತೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡೂದು. ನಮ್ಮ ಅಬ್ಬೆ ಗಾಳಿ ಸೋಕಿದ್ದು ಹೇಳ್ತದೆ. ನಂಗೆ ಹಂಗೆ ಕಾಣೂದಿಲ್ಲ. ಮುಳುಗೂದು ಎಂತ ಹೇಳಿ ನಂಗೆ ಗೊತ್ತದೆ. ಡಾಕ್ಟರ ಹತ್ರ ಹೋಪ, ನೀವೂ ಬನ್ನಿ.”

ಅತ್ತೆ ಒಳಗೆ ಹೋಗಿ ಮಗಳಿಗೆ ಚಾಪೆ ಹಾಸಿ, ಏನೋ ನೆನಪಾದವರಂತೆ ಅದನ್ನು ಮತ್ತೆ ಸುತ್ತಿಟ್ಟು, ಮಣೆ ತಂದು ಗೋಡೆಯ ಬಳಿ ಇಟ್ಟರು. ಮೈಗಳ್ಳಿ ಎಂಬ ಮಾತು ಅವರ ಬಾಯಲ್ಲಿ ಆಮೇಲೆ ಬರಲಿಲ್ಲ.

ಹೊನ್ನಾವರದ ಡಾಕ್ಟರಲ್ಲಿಗೆ ಮಾವ, ಜಟ್ಟಪ್ಪ, ಮಾದೇವಿಯ ಜೊತೆ ನನ್ನನ್ನೂ ಕಳಿಸಿದರು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಡಾಕ್ಟರ ಮಾತು ನನಗೆ ತಿಳಿದೀತು ಎಂದು. ಮುಲ್ಕಿಯಲ್ಲಿ ನಾನು ಕಲಿತ ಹೃದಯವೆಂದರೆ ಪುಸ್ತಕದಲ್ಲಿ ಕೆಂಪು ನೀಲಿ ಬಣ್ಣದ, ಮಾವಿನಕಾಯಿಯಂಥ ಒಂದು ಚಿತ್ರ. ಅಷ್ಟು ಬಂಡವಾಳದಲ್ಲಿ ಗಂಭೀರ ಮುಖ ಮಾಡಿಕೊಂಡು ಹೋಗಿ ಕೂತೆ.

ಡಾಕ್ಟರು ಕೊಂಕಣಿ ಮಾತಿನವರು, ವಯಸ್ಸಾದವರು. ಮಾದೇವಿಯ ಎದೆಗೆ ಕೊಳವೆ ಇಟ್ಟು ಕಣ್ಣುಮುಚ್ಚಿ ತುಂಬಾ ಹೊತ್ತು ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಸಣ್ಣವಳಿದ್ದಾಗ ಗಂಟಲು ನೋವು ಬಂದು, ಹಿಂದೆಯೇ ಜ್ವರ ಬಂದು, ಗಂಟುಗಳೆಲ್ಲ ಬಾತುಕೊಂಡಿದ್ದವೋ?”

ಮಾವನಿಗೆ ನೆನಪಿತ್ತು. ಮೊಣಕಾಲು ಬಾತು, ಅದು ಇಳಿದ ಮೇಲೆ ಮೊಣಕೈ ಬಾತು, ಹುಡುಗಿ ಎಷ್ಟೋ ದಿನ ಅತ್ತಿತ್ತು. ಎಣ್ಣೆ ತಿಕ್ಕಿದ್ದರು. ವಾಸಿಯಾಗಿತ್ತು. ಎಲ್ಲರೂ ಮರೆತಿದ್ದರು.

“ಗಂಟು ವಾಸಿ ಆಯ್ತು. ಹೃದಯ ಆಗ್ಲಿಲ್ಲ,” ಎಂದರು ಡಾಕ್ಟರು. ಕೊಳವೆಯನ್ನು ನನ್ನ ಕಿವಿಗೂ ಕೊಟ್ಟರು. ಲಬ್ ಡಬ್ ಎಂದು ಕೇಳಬೇಕಾದ ಸದ್ದಿನ ನಡುವೆ, ದೂರದ ಮನೆಯಲ್ಲಿ ಯಾರೋ ಬೀಸುಕಲ್ಲು ತಿರುಗಿಸಿದಂಥ ಗುರುಗುರು.

ಆಮೇಲೆ ಅವರು ವಿವರಿಸಿದರು. ಮೈಯೆಲ್ಲ ಸುತ್ತಿ ದಣಿದ ರಕ್ತ ಹೃದಯದ ಬಲಗಡೆಗೆ ಬರುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಹೊಸ ಗಾಳಿ ಕುಡಿದು, ಎಡಗಡೆಯ ಮೇಲಿನ ಕೋಣೆಗೆ ಮರಳುತ್ತದೆ. ಅಲ್ಲಿಂದ ಕೆಳಗಿನ ಕೋಣೆಗೆ ಇಳಿಯಬೇಕು. ಆ ಕೆಳಗಿನ ಕೋಣೆ ಹಿಂಡಿದಾಗ ಮತ್ತೆ ಮೈಗೆಲ್ಲ ಹರಿಯುತ್ತದೆ. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಮಾದೇವಿಯ ಆ ಬಾಗಿಲಿನ ಅಂಚುಗಳು ಹಳೆಯ ಜ್ವರದಿಂದ ಒಂದಕ್ಕೊಂದು ಅಂಟಿಕೊಂಡಿವೆ.

ಮಾವನ ಮುಖ ನೋಡಿ ಡಾಕ್ಟರು, “ನಿಮ್ಮದು ಕಾಗಾಲ ಅಂದ್ರಲ್ಲ. ಗಜನಿ ಉಂಟೋ?” ಎಂದರು.

ಗಜನಿ ಎಂದರೆ ಅಘನಾಶಿನಿ ಕಡಲು ಸೇರುವಲ್ಲಿನ ಉಪ್ಪುನೀರಿನ ಗದ್ದೆ. ಅದರ ಕಟ್ಟೆಗೆ ಮರದ ಬಾಗಿಲು ಕೂರಿಸಿರುತ್ತಾರೆ. ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ಅದು ತಾನಾಗಿ ತೆರೆಯುತ್ತದೆ. ಕಡಲಿನ ಭರತ ಬಂದಾಗ ಹೊರಗಿನ ಒತ್ತಡಕ್ಕೆ ತಾನಾಗಿ ಮುಚ್ಚುತ್ತದೆ.

“ಆ ಬಾಗಿಲು ಬಿಗಿದುಕೊಂಡ್ರೆ ಏನಾಗ್ತದೆ?”

“ನೀರು ಹಿಂದೆ ನಿಂತ್ಕಳ್ತದೆ,” ಎಂದರು ಮಾವ. “ಗದ್ದೆ ಮುಳುಗ್ತದೆ.”

“ಇವಳ ಶ್ವಾಸಕೋಶವೇ ಆ ಗದ್ದೆ.”

ಮಾವ ತಲೆಯಾಡಿಸಿದರು. ಅರ್ಥವಾಗಿತ್ತು. ಪಕ್ಕದಲ್ಲಿ ಜಟ್ಟಪ್ಪ ಹೆಂಡತಿಯ ಎದೆಯನ್ನೇ ನೋಡುತ್ತಿದ್ದ. ಅವನು ಮುಳುಗುವುದು ಎಂದದ್ದು ಸುಳ್ಳಾಗಿರಲಿಲ್ಲ. ಆ ಚೆಂದದ ಕೆನ್ನೆಯ ಕೆಂಪೂ ಕಾಯಿಲೆಯದೇ ಎಂದು ಡಾಕ್ಟರು ಹೇಳಿದರು. ಮುಂಬಯಿಗೆ ಒಯ್ದರೆ ಆಪರೇಶನ್ ಮಾಡಿ ಬಾಗಿಲು ಬಿಡಿಸುತ್ತಾರೆ, ಹಾಗೇ ಬಿಟ್ಟರೆ ಹೆಚ್ಚು ದಿನವಿಲ್ಲ, ಮಗುವಿನ ಆಸೆಯಂತೂ ಬೇಡ ಎಂದರು.

ಮಾವ ಯೋಚಿಸಿ ಕೇಳಿದರು: “ಗಜನಿ ಬಾಗ್ಲು ನಾವು ರಿಪೇರಿ ಮಾಡೂದು ನೀರು ಇಳಿದ ಮೇಲೆ. ಇಲ್ಲಿ ನೀರು ನಿಲ್ಲಿಸ್ತ್ರಾ?”

“ಇಲ್ಲ. ಹೃದಯ ಬಡೀತಾ ಇರುವಾಗಲೇ ಒಳಗೆ ಬೆರಳು ಹಾಕಿ ಬಿಡಿಸ್ತಾರೆ.”

“ಹರಿಯೂ ನೀರಲ್ಲೇ?” ಮಾವ ಎದ್ದು ನಿಂತರು. ಹರಿಯುವ ನೀರಲ್ಲಿ ಬಾಗಿಲಿಗೆ ಕೈ ಹಾಕಿದವರ ಗತಿ ಅವರು ಕಂಡಿದ್ದರು. “ಬೇಡ. ಹೋಗೂ ಜೀವ ಮನೇಲೇ ಹೋಗ್ಲಿ. ಎಲ್ಲೋ ದೂರದ ಊರಲ್ಲಿ ಬೇಡ.”

ಆಗ ಅಲ್ಲಿಯವರೆಗೂ ಮಾತಾಡದಿದ್ದ ಮಾದೇವಿ ಬಾಯಿಬಿಟ್ಟಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತ.

“ಅಪ್ಪಾ, ಗೋಡೆಗೆ ಒರಗಿ ಒರಗಿ ನಂಗೆ ಸಾಕಾತು. ಒಂದ್ಸಲ ಕಾಲು ಚಾಚಿ ಮಲಗೂಕೆ ಆದ್ರೆ ಸಾಕು. ನಾ ಹೋತೆ.”

ಮಾವ ಅಳಿಯನ ಕಡೆ ನೋಡಿದರು. “ಅವಳು ಹೋತೆ ಹೇಳಿದ ಮೇಲೆ ಆತು,” ಎಂದ ಜಟ್ಟಪ್ಪ.

ಕುಮಟೆಯಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು. ಹೋದವರು ಜಟ್ಟಪ್ಪ, ಮಾದೇವಿ, ಮತ್ತೆ ಮರಾಠಿ ಬರುತ್ತದೆಂದು ಊರೆಲ್ಲ ನಂಬಿದ್ದ ನಾನು. ಆಸ್ಪತ್ರೆಯ ನರ್ಸು ಏನು ತೊಂದರೆಯೆಂದು ಕೇಳಿದಾಗ, ಇವಳಿಗೆ ಉಸಿರು ಬರುವುದಿಲ್ಲ ಎನ್ನಲು ಹೊರಟು “ಹಿಲಾ ಸಾಸೂ ಯೇತ್ ನಾಹೀ” ಎಂದೆ. ಶ್ವಾಸ್ ಎನ್ನಬೇಕಿತ್ತು. ಸಾಸೂ ಎಂದರೆ ಅತ್ತೆ. ಇವಳ ಅತ್ತೆ ಬರುವುದಿಲ್ಲ ಎಂದಂತಾಯಿತು. ನರ್ಸು ಕನಿಕರದಿಂದ, ಗಂಡ ಬಂದಿದ್ದಾನಲ್ಲ, ಅಷ್ಟು ಸಾಕು ಎಂದಳು. ತಪ್ಪು ಹೊಳೆದು ನನಗೆ ನಗು ಬಂತು. ಯಾಕೆಂದು ಕೇಳಿದ ಮಾದೇವಿಗೆ ಅರ್ಥ ಹೇಳಿದೆ. ನಗಲು ಹೋಗಿ ಅವಳಿಗೆ ಕೆಮ್ಮು ಬಂತು. ಕರ್ಚೀಫಿನಲ್ಲಿ ರಕ್ತದ ಎಳೆ ಕಂಡಿತು. ಮತ್ತೆ ನಾವು ನಗಲಿಲ್ಲ.

ಆಪರೇಶನ್ನಿಗೆ ರಕ್ತ ಬೇಕೆಂದರು. ಜಟ್ಟಪ್ಪ ಅಂಗಿಯ ತೋಳು ಮಡಚಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ನಿಂತ. ಪರೀಕ್ಷೆ ಮಾಡಿ, ಹೊಂದುವುದಿಲ್ಲ ಎಂದರು. ಅವನು ತೋಳನ್ನು ಹಾಗೇ ಚಾಚಿಕೊಂಡು ನಿಂತಿದ್ದ. “ಇನ್ನೊಂದ್ಸಲ ನೋಡೂಕೆ ಹೇಳಿ ಅಕ್ಕಾ,” ಎಂದ. ಹೇಳಿದೆ. ಅವರು ತಲೆಯಲ್ಲಾಡಿಸಿದರು. ಹೊರಗಿನ ಮೆಟ್ಟಿಲ ಮೇಲೆ ಕೂತು ಆ ದೊಡ್ಡ ಆಳು ಅತ್ತ. “ಇಷ್ಟು ದೊಡ್ಡ ಮೈ ಕಟ್ಕಂಡು ಎಂತಕ್ಕೆ ಬಂತು? ಅವಳಿಗೆ ಒಂದು ಹನಿ ಆಗೂದಿಲ್ಲ.”

ಹೊಂದಿದ್ದು ನನ್ನ ರಕ್ತ. ಸೂಜಿ ಕಂಡರೆ ಓಡುವವಳು ನಾನು. ಆ ದಿನ ಓಡಲು ಕಾಲಿಗೆ ಬಲವಿರಲಿಲ್ಲವಾದ್ದರಿಂದ ಧೈರ್ಯವಂತೆ ಎನಿಸಿಕೊಂಡೆ. ಬಾಟಲಿ ತುಂಬುವುದನ್ನು ನೋಡಬೇಡವೆಂದರೂ ನೋಡಿದೆ. ಕಪ್ಪಗಿತ್ತು. ಬೆಚ್ಚಗೂ ಇದ್ದಿರಬೇಕು. ಇದು ನಾಳೆ ಅವಳ ಬಲಗಡೆಯಿಂದ ಎಡಗಡೆಗೆ ಹೋಗುತ್ತದೆ, ಆ ಬಾಗಿಲು ದಾಟುತ್ತದೆ, ದಾಟಲಿ ದೇವರೇ ಎಂದುಕೊಂಡೆ.

ಎಡ ಎದೆಯ ಕೆಳಗೆ, ಪಕ್ಕೆಲುಬುಗಳ ನಡುವೆ ಕೊಯ್ದು ಮಾಡಿದರು. ಬಾಗಿಲ ಹೊರಗೆ ನಾವಿಬ್ಬರೂ ಕೂತಿದ್ದೆವು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, ತೋರುಬೆರಳನ್ನು ತುಸು ಬಗ್ಗಿಸಿ, ಹೀಗೆ ಹಾಕಿದೆ, ಬಿಟ್ಟುಕೊಂಡಿತು ಎಂದರು. ಜಟ್ಟಪ್ಪ ಆ ಬೆರಳನ್ನೇ ನೋಡುತ್ತಿದ್ದ. ಇನ್ನೊಬ್ಬರ ಬೆರಳನ್ನು ಮನುಷ್ಯರು ಹಾಗೆ ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ.

ಮೊದಲ ದಿನಗಳಲ್ಲಿ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿಯೇ ಇಟ್ಟಿದ್ದರು. ಜ್ವರವಿತ್ತು, ನೋವಿತ್ತು, ಮಾತಿರಲಿಲ್ಲ. ಆಮೇಲೊಂದು ಮಧ್ಯಾಹ್ನ, ಭೇಟಿಯ ಹೊತ್ತಿಗೆ ನಾವು ವಾರ್ಡಿನೊಳಗೆ ಹೋದಾಗ ಜಟ್ಟಪ್ಪ ನನ್ನ ಮುಂದಿದ್ದ. ಹಾಸಿಗೆಯ ಹತ್ತಿರ ಥಟ್ಟನೆ ನಿಂತ. ನಾನು ಇಣುಕಿದೆ. ದಿಂಬು ಬದಿಯಲ್ಲಿತ್ತು. ಮಾದೇವಿ ಅಂಗಾತ ಮಲಗಿದ್ದಳು. ಕಾಲು ಚಾಚಿ, ಕೈ ಚೆಲ್ಲಿ, ಬಾಯಿ ತುಸು ತೆರೆದು. ಕೆನ್ನೆಯಲ್ಲಿ ಕೆಂಪು ಇರಲಿಲ್ಲ.

“ಹೋಯ್ತು,” ಎಂದ ಜಟ್ಟಪ್ಪ. ಅವನ ದನಿ ಕೇಳಿಸಲೇ ಇಲ್ಲ, ತುಟಿ ಮಾತ್ರ ಆಡಿತು. ನರ್ಸು ಓಡಿ ಬಂದಳು. ನಮ್ಮ ಮುಖ ನೋಡಿ, ಅವಳ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: “ಝೋಪಲೀ ಆಹೇ.” ನಿದ್ದೆ ಮಾಡಿದ್ದಾಳೆ. ಆ ಮರಾಠಿ ಜಟ್ಟಪ್ಪನಿಗೂ ಅರ್ಥವಾಯಿತು.

ಅವಳನ್ನು ನಾವು ಎಬ್ಬಿಸಲಿಲ್ಲ. ಭೇಟಿಯ ಹೊತ್ತು ಮುಗಿಯುವವರೆಗೂ ಹಾಸಿಗೆಯ ಎರಡು ಬದಿಗೆ ನಿಂತು, ಅವಳ ಎದೆ ಮೇಲೆ ಕೆಳಗೆ ಆಗುವುದನ್ನು ನೋಡಿದೆವು. ಜಗತ್ತಿನಲ್ಲಿ ಎಲ್ಲರೂ ಮಾಡುವ ಕೆಲಸ ಅದು. ಅದನ್ನು ನೋಡಲೆಂದು ಜನ ಅಷ್ಟು ದೂರ ಹೋಗುವುದುಂಟೆ? ನಾವು ಹೋಗಿದ್ದೆವು.

ಊರಿಗೆ ಬಂದ ಮೇಲೆ ಅವಳು ಬದುಕಿದಳು, ಸರಿಯಾಗಿಯೇ ಬದುಕಿದಳು. ನೀರು ಹೊತ್ತಳು, ಜಗಳವಾಡಿದಳು, ನೆಟ್ಟಿಯ ಸಾಲುಗಳನ್ನು ಕೊನೆಯವರೆಗೂ ಹಾಡಿದಳು. ಮಗಳು ಶಾಂತೆ ಹುಟ್ಟಿದಳು. ಶಾಂತೆಯ ಮದುವೆಯನ್ನೂ ಮಾಡಿದಳು. ಆಮೇಲೆ ಬಾಗಿಲು ಮತ್ತೆ ಬಿಗಿಯುತ್ತ ಬಂತು. ಎರಡನೆಯ ಆಪರೇಶನ್ನಿಗೆ ದಿನ ಗೊತ್ತಾಗುವ ಮೊದಲೇ ಹೋದಳು. ಉತ್ತರಕ್ರಿಯೆಯ ಬೊಜ್ಜದ ದಿನ ಜಟ್ಟಪ್ಪ ನನ್ನ ಹತ್ತಿರ ಬಂದು ಕೂತು, “ಸಾಲ್ಲಿಲ್ಲ ಅಕ್ಕಾ. ಆದ್ರೆ ಸಿಕ್ಕದ್ದು ಸಣ್ಣದಲ್ಲ,” ಎಂದ. ಅದಕ್ಕಿಂತ ಸರಿಯಾದ ಮಾತು ನನಗೂ ಸಿಕ್ಕಿಲ್ಲ.

ಕುಮಟೆಯ ಡಾಕ್ಟರು ಅಂಟು ಒರೆಸಿಕೊಳ್ಳಲು ಕಾಗದ ಕೊಟ್ಟರು. ಹೊರಗೆ ಬೆಂಚಿನ ಮೇಲೆ ಶಾಂತೆ ಕಾಯುತ್ತಿದ್ದಳು. ಅವಳ ತಲೆಯೂ ಈಗ ನರೆತಿದೆ.

“ಎಂತ ಹೇಳಿದ್ರು ಅತ್ತೆ?”

“ಬಾಗ್ಲು ಸ್ವಲ್ಪ ಸೋರ್ತದಂತೆ. ಎಂತ ಹೆದ್ರಿಕೆ ಇಲ್ಲ.”

ರಿಕ್ಷಾ ತರುತ್ತೇನೆಂದಳು. ಬೇಡ, ಬಸ್ ಸ್ಟ್ಯಾಂಡಿನವರೆಗೆ ನಡೆಯೋಣ ಎಂದೆ. ಕೆಲವು ತಿಂಗಳಿಂದ ದಾರಿಯಲ್ಲಿ ಉಸಿರು ಕಟ್ಟಿದಾಗ ನಾನು ಅಂಗಡಿಯ ಸೀರೆ ನೋಡುವವಳಂತೆಯೋ, ಫೋನು ತೆಗೆಯುವವಳಂತೆಯೋ ನಟಿಸುತ್ತಿದ್ದೆ. ಆ ದಿನ ಪೇಟೆಯ ನಡುವೆ ಉಸಿರು ಸಾಲದಾದಾಗ ಸುಮ್ಮನೆ ನಿಂತೆ. ಜನ ಬದಿಯಿಂದ ದಾಟಿ ಹೋದರು. ಶಾಂತೆ ಯಾಕೆಂದು ಕೇಳಲಿಲ್ಲ, ಅವಳೂ ನಿಂತಳು. ನಿಂತದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ.