ಗುರುವಾರದ ಅರ್ಧ ಸುತ್ತು

ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವವರ ಪೈಕಿ ನಾನು. ಮೂರನೆಯ ಸಲ ಎಳೆದದ್ದರಿಂದಲೇ ಅದು ಸಡಿಲಾಗಿರಬಹುದೇ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬಂದದ್ದೂ ಉಂಟು. ಇಂಥವನ ಸುಪರ್ದಿಗೆ ಒಂದು ದೋಣಿಯನ್ನು ಕೊಟ್ಟಿದ್ದರು ಎಂದರೆ ನಿಮಗೆ ನಗು ಬರುತ್ತದೆ. ನಗಿರಿ, ಆದರೆ ಸ್ವಲ್ಪ ತಡೆದು.

ಚಿಂಚೋಳಿ ಕಡೆಯ ಅಣೆಕಟ್ಟಿನ ಕೆಲಸವೊಂದರಲ್ಲಿ ಆಗ ನಾನು ಉಗ್ರಾಣದ ಗುಮಾಸ್ತ. ನೀರು ನಿಂತಾಗ ಒಂದು ಊರು ಮುಳುಗಿತು. ಜನ ಈಚೆ ದಡಕ್ಕೆ ಬಂದರು. ದಿಬ್ಬದ ಮೇಲಿದ್ದ ಅವರ ಕಬರಸ್ತಾನ ಮಾತ್ರ ಆಚೆ ದಡದಲ್ಲೇ ಉಳಿಯಿತು. ದಾಟಲು ಅನುಕೂಲವಾಗಲೆಂದು ಕರಾವಳಿಯ ಹರಾಜಿನಲ್ಲಿ ಕೊಂಡ ಹಳೆಯ ಹಾಯಿದೋಣಿಯೊಂದು ಲಾರಿ ಏರಿ ಬಂತು. ಮಳಖೇಡದ ಅರಸರು ಕಾಗಿಣಾ ಹೊಳೆಯಲ್ಲಿ ಹಾಯಿ ಬಿಟ್ಟರೆಂದು ಹೇಳುವ ಶಾಸನವನ್ನು ನಾನಂತೂ ಕಂಡಿಲ್ಲ. ನಮ್ಮ ಕಚೇರಿಯೂ ಆ ಪರಂಪರೆಯನ್ನು ಮುರಿಯಲಿಲ್ಲ. ಹಾಯಿಯನ್ನು ಬಿಚ್ಚಿ ಸಿಮೆಂಟ್ ಚೀಲಗಳ ಮೇಲೆ ಹೊದಿಸಿದೆವು. ಅಂದಿನಿಂದ ದೋಣಿಗೆ ಅದರ ಹೊಟ್ಟೆಯೊಳಗಿನ ಮುದಿ ಡೀಸೆಲ್ ಎಂಜಿನ್ನೇ ಗತಿ.

ಎಂಜಿನ್ನಿಗೆ ತಿರುಗುವುದೊಂದೇ ಗೊತ್ತು, ಅದೂ ಒಂದೇ ದಿಕ್ಕಿಗೆ. ದೋಣಿ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂದು ತೀರ್ಮಾನಿಸುವುದು ಗೇರುಪೆಟ್ಟಿಗೆ. ಮೇಲಿನ ಲಿವರನ್ನು ಅತ್ತಿತ್ತ ಸರಿಸಿದರೆ ಒಂದು ಗಟ್ಟಿ ತಂತಿ ಕೆಳಗೆ ಆ ಪೆಟ್ಟಿಗೆಯ ಕಿವಿ ಹಿಂಡುತ್ತದೆ. ಇಷ್ಟನ್ನೂ ನನಗೆ ಕಲಿಸಿದವನು ದೋಣಿ ನಡೆಸುತ್ತಿದ್ದ ಭೀಮಣ್ಣ, ಸೇಡಂ ಹತ್ತಿರದ ಅಂಬಿಗರ ಮನೆಯವನು. ಯಾವುದನ್ನು ಮುಟ್ಟಬಾರದು ಎಂದು ಅವನು ಕಲಿಸಲಿಲ್ಲ, ನಾನೂ ಕೇಳಲಿಲ್ಲ.

ಪ್ರತಿ ಗುರುವಾರ ಹುಸೇನಬೀ ಎಂಬ ಮುದುಕಿ ಗಂಡನ ಗೋರಿಗೆ ಹೂವು ಹಾಕಲು ದಾಟಿ ಹೋಗುತ್ತಿದ್ದಳು. ಆಕೆಗೆ ಈಜು ಬಾರದು. ನನಗೂ ಬಾರದು, ಆದರೆ ನಾನು ದಡದಲ್ಲಿರುತ್ತಿದ್ದೆ. ಒಮ್ಮೆ ಆಕೆ ಹಲಗೆಯ ಮೇಲೆ ಕುಳಿತು ನನ್ನತ್ತ ನೋಡಿ, "ಸಾಹೇಬಾ, ನೀರು ನೋಡಿದ್ರ ನನಗ ಅಂಜಿಕಿ ಇಲ್ಲ. ನಿನ್ನ ಮಾರಿ ನೋಡಿದ್ರ ಎದಿ ಧಸಕ್ಕಂತದ" ಎಂದಳು.

ಮುಖವನ್ನು ಬದಲಾಯಿಸುವುದು ಆಗದ ಮಾತು. ಆದ್ದರಿಂದ ಗುರುವಾರ ಆಕೆ ಬರುವ ಮೊದಲೇ ಪಾನಾ ಹಿಡಿದು ಕೆಳಗಿಳಿದು, ಕಣ್ಣಿಗೆ ಬಿದ್ದ ನಟ್ಟುಗಳನ್ನೆಲ್ಲ ಬಿಗಿ ಮಾಡತೊಡಗಿದೆ. ಉಳಿದವು ಜಗ್ಗುತ್ತಿರಲಿಲ್ಲ. ಗೇರಿನ ತಂತಿಯ ತುದಿಯ ನಟ್ಟೊಂದು ಮಾತ್ರ ಪ್ರತಿ ಸಲವೂ ಅರ್ಧ ಸುತ್ತು ಒಪ್ಪಿಕೊಳ್ಳುತ್ತಿತ್ತು. ಅಷ್ಟು ವಿಧೇಯವಾದದ್ದು ನಮ್ಮ ಕಚೇರಿಯಲ್ಲಿ ಇನ್ನೊಂದಿರಲಿಲ್ಲ.

ಆಚೆ ದಡಕ್ಕೆ ಹೋಗುವ ಸುತ್ತುರಸ್ತೆಯ ಮೋರಿ ಮಳೆಗೆ ಕೊಚ್ಚಿಹೋದ ವಾರ ಹುಸೇನಬೀ ತೀರಿಕೊಂಡಳು. ಚಂದಾಪುರದಲ್ಲಿ ದರ್ಜಿಯಾಗಿದ್ದ ಮಗ ಮಹಿಬೂಬಸಾಬ, ನಾಲ್ಕು ಜನ ನೆಂಟರೊಡನೆ ಜನಾಜಾ ಹೊತ್ತು ದಡಕ್ಕೆ ಬಂದ. ಅದನ್ನು ದೋಣಿಯಲ್ಲಿಟ್ಟ ಮೇಲೆ ಭೀಮಣ್ಣ ಲಿವರನ್ನು ಮುಂದೂಡಿದ. ಎಂಜಿನ್ ಅಬ್ಬರಿಸಿತು, ದೋಣಿ ಅಲುಗಲಿಲ್ಲ. ಹಿಂದಕ್ಕೆಳೆದರೆ ಸರಾಗವಾಗಿ ಹಿಂದೆ ಸರಿಯಿತು. ಅವನು ಗೇರಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ, ನೀರಿನೊಳಗಿನ ರೆಕ್ಕೆಯನ್ನು ತಿರುಗಿಸುವ ಸರಳನ್ನು ತಡವಿ ನೋಡಿದ.

"ಗೇರುಪೆಟ್ಟಿಗಿ ಒಳಗ ಪ್ಲೇಟ್ ಸವದಾವ ಅನಸ್ತದ ಸಾಹೇಬ್ರ. ಮುಂದಿನ ಗೇರ್ ಹಿಡಿಯಾಂಗಿಲ್ಲ."

ಶಹಾಬಾದಿನಿಂದ ಮೇಸ್ತ್ರಿ ಬಂದರೆ ನಾಳೆ ಬಿಚ್ಚಬಹುದು ಎಂದೆ. ಇಲ್ಲದಿದ್ದರೆ ಈ ದಡದಲ್ಲೇ ಎಲ್ಲಾದರೂ ಎಂದು ಶುರುಮಾಡಿದವನು ಮಹಿಬೂಬಸಾಬನ ಮುಖ ನೋಡಿ ನಿಲ್ಲಿಸಿದೆ.

"ಅಬ್ಬಾನ ಬಾಜು ಜಾಗಾ ಇಟ್ಕೊಂಡಾಳ್ರಿ" ಎಂದ ಅವನು. "ನಾಳೆ ತನಕ ಹ್ಯಾಂಗ ಇಡ್ಲಿ?"

"ಹಿಂದ ಹಿಂದನೇ ಹೋಗಾಮ್ರಿ" ಎಂದ ಭೀಮಣ್ಣ. "ನೀರಿಗೇನು ಮುಂದ ಹಿಂದ ಗೊತ್ತದ?"

ಅಪ್ಪಣೆ ಕೊಡಬೇಕಾದವನು ನಾನು. ಹಿಂದೆ ಹೋಗುವ ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲ. ಹಿಂಬದಿಯ ಚಪ್ಪಟೆ ಹಲಗೆಯ ಮೇಲಿಂದ ನೀರು ಒಳಗೆ ಬರುತ್ತದೆ. ನನ್ನ ಚಿಂತೆಗಳಿಗೆ ಆ ದಿನವಾದರೂ ಕಾರಣವಿತ್ತು. "ಆಗಲಿ" ಎಂದೆ. ಆ ಮಾತನ್ನು ನಾಲಿಗೆ ಹಿಂದಕ್ಕೆಳೆದುಕೊಳ್ಳುವ ಮೊದಲೇ ನಾನೂ ಹತ್ತಿ ಕುಳಿತೆ.

ಭೀಮಣ್ಣ ಹುಟ್ಟಿನಿಂದ ದೋಣಿಯ ಬೆನ್ನನ್ನು ಆಚೆ ದಡಕ್ಕೆ ತಿರುಗಿಸಿದ. ಮಾರುದ್ದ ಸರಿದಿರಬೇಕು, ಮಹಿಬೂಬಸಾಬ ಕೈಯೆತ್ತಿದ. "ತಡೀರಿ. ಅಮ್ಮಾನ ಕಾಲು ಮುಂದ ಹೊಂಟಾವ."

ಅವರಲ್ಲಿ ಜನಾಜಾದ ತಲೆ ಮುಂದಾಗಿ ಹೋಗಬೇಕು. ರೂಢಿಯಂತೆ ತಲೆಯನ್ನು ದೋಣಿಯ ಮೂತಿಯ ಕಡೆಗೇ ಇಟ್ಟಿದ್ದರು; ದೋಣಿಯೇ ಬೆನ್ನು ಮುಂದೆ ಮಾಡಿ ಹೊರಟಿತ್ತು. ಆ ಇಕ್ಕಟ್ಟಿನಲ್ಲಿ ಮತ್ತೆ ಎತ್ತಿ, ಹೆಜ್ಜೆ ಹೆಜ್ಜೆಯಾಗಿ ತಿರುಗಿಸಿದರು. ಒಂದು ಮೂಲೆಗೆ ನನ್ನ ಕೈಯೂ ಸಿಕ್ಕಿತು. ಹಿಂಬದಿ ಭಾರವಾಗಬಾರದೆಂದು ನಾವೆಲ್ಲ ಮೂತಿಯ ಕಡೆ ಒತ್ತಿ ಕುಳಿತೆವು. ಭೀಮಣ್ಣ ಉದ್ದನೆಯ ಹುಟ್ಟನ್ನು ನೀರಿಗಿಳಿಸಿ ದಿಕ್ಕು ತಿದ್ದುತ್ತಿದ್ದ, ನಾನು ಒಳಬಂದ ನೀರನ್ನು ಡಬ್ಬಿಯಿಂದ ಚೆಲ್ಲುತ್ತಿದ್ದೆ. ಅರ್ಧ ದಾಟಿದ ಮೇಲೆ ಹೊಳೆಯಿತು: ಆಕೆ ಮುಂದೆ ಹೋಗುತ್ತಿದ್ದಾಳೆ, ನಾವೆಲ್ಲ ಆಕೆಯ ಹಿಂದಿದ್ದೇವೆ. ಎಲ್ಲರೂ ಇರಬೇಕಾದ ಜಾಗದಲ್ಲೇ ಇದ್ದರು.

ಹೊತ್ತು ಮುಳುಗುವ ಮೊದಲು ಆಕೆ ಗಂಡನ ಪಕ್ಕ ಸೇರಿದಳು. ನಾವು ದಿಬ್ಬ ಇಳಿದು ಬರುವಷ್ಟರಲ್ಲಿ ಭೀಮಣ್ಣ ಗೇರಿನ ತಂತಿಯನ್ನು ಕಳಚಿ, ಪೆಟ್ಟಿಗೆಯ ಕಿವಿಯಂಥ ಹಿಡಿಯನ್ನು ಬರಿಗೈಯಿಂದ ತಿರುವಿದ್ದ. ಮುಂದಿನ ಗೇರು ಠಕ್ಕೆಂದು ಹಿಡಿದಿತ್ತು. ಪ್ಲೇಟು ಸವೆದಿರಲಿಲ್ಲ.

"ಯಾರೋ ಈ ನಟ್ಟು ಬಿಗೀತಾ ಬಂದಾರ. ಹಿಂದಕ್ಕ ಎಳದು ಎಳದು, ಮುಂದ ಹೋಗಾಕ ತಂತಿಗಿ ಜಾಗಾನೇ ಉಳದಿಲ್ಲ. ಮೊದಲ ಇದನ್ನ ನೋಡಬೇಕಿತ್ತು, ನಂದೂ ತಪ್ಪದ."

ನಾನೇ ಬಿಗಿದದ್ದು ಎಂದೆ. ಗುರುವಾರಗಳ ಕಥೆಯನ್ನೂ ಹೇಳಿದೆ. ಮಹಿಬೂಬಸಾಬ ಕೈಗೆ ಮೆತ್ತಿದ್ದ ಮಣ್ಣನ್ನು ನೋಡುತ್ತಾ ನಿಂತಿದ್ದ.

"ಅಮ್ಮಾಗ ಗೊತ್ತಿತ್ರಿ" ಎಂದ. "'ಗುರುವಾರ ಸಾಹೇಬ ಪಾನಾ ಹಿಡ್ಕೊಂಡು ಕೆಳಗ ಇಳೀತಾನ, ನೀ ಅಂಜಬ್ಯಾಡ' ಅಂತಿದ್ಲು ನನಗ."

ಭೀಮಣ್ಣ ಪಾನಾವನ್ನು ನನ್ನ ಕೈಗೇ ಕೊಟ್ಟ. "ಬಿಗಿದ ಕೈಲೇ ಸಡ್ಲ ಮಾಡ್ರಿ."

ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ಒಂದೊಂದೂ ಒಂದು ಗುರುವಾರ. ಎಷ್ಟಾದವು ಎಂದು ಎಣಿಸಲಿಲ್ಲ; ಭೀಮಣ್ಣ "ಸಾಕ್ರಿ" ಎನ್ನುವವರೆಗೆ ಬಿಚ್ಚಿದೆ. ಬರುವಾಗ ದೋಣಿ ಮೂತಿ ಮುಂದಾಗಿ ಬಂತು. ಆಕೆ ಕೂರುತ್ತಿದ್ದ ಹಲಗೆಯ ಮೇಲೆ ಯಾರೂ ಕೂರಲಿಲ್ಲ.

ಕಾಳಜಿಗೂ ಇಂತಿಷ್ಟೇ ಎಂದು ಒಂದು ಬಿಗಿ ಇರುತ್ತದೆ, ಅದನ್ನು ದಾಟಿದರೆ ಹಿಂದಿನ ಗೇರು ಮಾತ್ರ ಉಳಿಯುತ್ತದೆ ಎಂದು ಅಂದು ಕಲಿತೆ. ಅಂದಿನಿಂದ ದೋಣಿಯ ಯಾವ ನಟ್ಟನ್ನೂ ಮುಟ್ಟಿಲ್ಲ. ಮನೆಯ ಬೀಗವನ್ನು ಈಗಲೂ ಎಳೆದು ನೋಡುತ್ತೇನೆ, ಆದರೆ ಎರಡೇ ಸಲ.