ಎಡಗಿವಿಗೆ ಕೇಳಿಸದ ಹುಲಿ

ಎಡಗಡೆಯಿಂದ ಹುಲಿ ಗುರ್ರೆನ್ನಬೇಕಿತ್ತು. ನನಗೆ ಏನೂ ಕೇಳಿಸಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಸೊಲ್ಲಾಪುರದ ವಿಜಾಪುರ ರಸ್ತೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ನಾನು, ಯಾರು ಬೇಕಾದರೂ ಕೋಡ್ ತಿದ್ದಬಹುದಾದ, ಹುಲಿಯಿರುವ ಒಂದು ಕಂಪ್ಯೂಟರ್ ಆಟಕ್ಕೆ ಬಿಡುವಿನಲ್ಲಿ ಸದ್ದಿನ ಭಾಗ ಬರೆಯುತ್ತಿದ್ದೆ. ತಪ್ಪು ನನ್ನ ಕೋಡಿನದೇ ಎಂದುಕೊಂಡು ಎರಡು ದಿನ ಸಾಲು ಸಾಲಾಗಿ ತಿದ್ದಿದೆ. ಸೆಟ್ಟಿಂಗ್‌ನಲ್ಲಿ ಎಡಬದಿಯ ಸದ್ದನ್ನು ಪೂರ್ತಿ ಏರಿಸಿದೆ. ಊಹೂಂ.

ಮೂರನೆಯ ದಿನ ಅಕ್ಕಲಕೋಟದಿಂದ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಅವರ ತಲೆಗೆ ಹೆಡ್‌ಫೋನ್ ಹಾಕಿ ಆಟ ಶುರು ಮಾಡಿದೆ. ಅಪ್ಪ ಬೆಚ್ಚಿಬಿದ್ದು ಎಡಕ್ಕೆ ತಿರುಗಿದರು. ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಏನವಾ ಇದು! ಎಡಗಿವ್ಯಾಗ ಹುಲಿ ಒದರಾಕತ್ತೈತಿ! ನಿನಗ ಕೇಳಸಂಗಿಲ್ಲೇನು?"

ಹೆಡ್‌ಫೋನನ್ನು ಎಡಬಲ ತಿರುವಿ ಹಾಕಿಕೊಂಡೆ. ಹುಲಿ ಬಲಗಿವಿಯಲ್ಲಿ ಸ್ಪಷ್ಟವಾಗಿ ಗುರ್ರೆಂದಿತು. ಕೋಡ್ ಸರಿಯಾಗಿಯೇ ಇತ್ತು. ಅಪ್ಪನ ಮುಖ ನೋಡಿದೆ. ಅವರಿಗೆ ಅಷ್ಟರಲ್ಲೇ ತಿಳಿದಿತ್ತು. ಎದ್ದು ನಿಂತು ನನ್ನ ಕೈ ಹಿಡಿದರು.

ಆ ಸಂಜೆಯೇ ಕಿವಿಯ ಡಾಕ್ಟರ ಬಳಿ ಹೋದೆವು. ಅವರು ಬಲಗಡೆ ಬಂದು ಕುಳಿತು ಮೆಲ್ಲಗೆ ಹೇಳಿದರು: "ಎಡಗಿವೀದು ನರಾನ ಹೋಗೇತ್ರಿ, ಅದು ತಿರುಗಿ ಬರಂಗಿಲ್ಲ. ಇದೊಂದು ಕಿವಿ ಜ್ವಾಕಿ ಮಾಡ್ಕೊಳ್ರಿ."

ಎರಡೂ ಬದಿಯ ಸದ್ದು ಒಂದೇ ಕಿವಿಗೆ ಬರುವ ಆಯ್ಕೆಯೊಂದನ್ನು ಆಟದ ಸೆಟ್ಟಿಂಗ್‌ಗೆ ಸೇರಿಸಿದೆ. ಆದರೆ ಹೆದರಿಕೆ ಇವತ್ತಿಗೂ ಹೋಗಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಬಲಗಿವಿಯ ಹತ್ತಿರ ಎರಡು ಬೆರಳು ಉಜ್ಜಿ ನೋಡುತ್ತೇನೆ. ಸದ್ದು ಕೇಳಿಸಿದ ಮೇಲೆಯೇ ಹಾಸಿಗೆ ಬಿಟ್ಟು ಏಳುತ್ತೇನೆ.